ಹಳೇ ಡಬ್ಬಿಯ ಘಾಟು

ಕೂಲಿಗೆ ತಂಬಾಕಿನ ಎಲೆ ಪೋಣಿಸುತ್ತಿದ್ದವಳು ನಾನು. ಈಗ ಪಿರಿಯಾಪಟ್ಟಣದ ಹತ್ತಿರ ಎಲೆಯನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಸ್ವಂತ ಬ್ಯಾರನ್ ಮನೆ ಇದೆ. ಅದನ್ನು ನೋಡಲು ಬಂದ ಮಡಿಕೇರಿ ಕಡೆಯ ಹಿರಿಯರೊಬ್ಬರು ಜೇಬಿನಿಂದ ಒಂದು ಪೈಪು, ತಗಡಿನ ಡಬ್ಬಿ ತೆಗೆದರು. ಅವರ ತಂದೆಯ ಕಾಲದ ಪೈಪ್ ತಂಬಾಕು, ಈಗ ಎಲ್ಲೂ ಸಿಗುವುದಿಲ್ಲವಂತೆ.

"ಭಾರಿ ಘಾಟು. ನಿಮಗೆ ಬೇಡಮ್ಮ," ಎಂದರು.

ಪಕ್ಕದಲ್ಲಿ ಎಲೆ ಪೋಣಿಸುತ್ತಿದ್ದ ಹೆಂಗಸರು ಕಿವಿಗೊಟ್ಟಿದ್ದರು. ಹಸಿ ಎಲೆ ಮುಟ್ಟಿ ತಲೆ ಸುತ್ತಿತೆಂದು ಯಾರಾದರೂ ಕೂತರೆ ಬೈದು ಎಬ್ಬಿಸುವವಳು ನಾನು. ಅವರ ಮುಂದೆ ಹಿಂಜರಿದರೆ ನಾಳೆ ನನ್ನ ಮಾತು ಯಾರು ಕೇಳುತ್ತಾರೆ? ಅವರ ಪೈಪಿಗೆ ಒಂದು ಚಿಟಿಕೆ ತುಂಬಿ ಹತ್ತಿಸಿಕೊಂಡು ಬೀಡಿಯಂತೆ ಎದೆ ತುಂಬ ಎಳೆದೆ.

"ಒಳಗೆ ತಗೋಬಾರದಮ್ಮ, ಬಾಯಲ್ಲೇ ಆಡಿಸಿ ಬಿಡ್ಬೇಕು," ಎಂದರು ಹಿರಿಯರು. ಅಷ್ಟರಲ್ಲಿ ಬ್ಯಾರನ್ನಿನ ಗೋಡೆ ನನ್ನತ್ತ ವಾಲತೊಡಗಿತ್ತು.

"ಕೂತ್ಕೊ ಬುಡಕ್ಕ," ಎಂದಳು ಕಾಳಮ್ಮ, ಪೋಣಿಸುವ ಕೈ ನಿಲ್ಲಿಸದೆ. "ನಾವೇನ್ ಬಯ್ಯಾಕಿಲ್ಲ ಕಣಕ್ಕ."

ಕೂತೆ. ಹೆಂಗಸರೆಲ್ಲ ನಕ್ಕರು. ಯಾರೋ ಬೆಲ್ಲದ ಚೂರು ಕೊಟ್ಟರು. ತಲೆಸುತ್ತು ನಿಂತ ಮೇಲೆ ಹಿರಿಯರು ಹೇಳಿದಂತೆ ಸಣ್ಣಗೆ ಎಳೆದೆ. ಒಣದ್ರಾಕ್ಷಿಯಂಥ ಸಿಹಿ, ಹಳೇ ಮರದ ವಾಸನೆ. ಜೀವನವಿಡೀ ಬೇಯಿಸಿದ ಎಲೆಗೆ ಇಂಥ ರುಚಿಯೂ ಇರಬಹುದೆಂದು ಅಂದೇ ತಿಳಿದದ್ದು.

ಇನ್ನೊಂದು ಚಿಟಿಕೆ ಕೇಳಬೇಕೆನಿಸಿತು. ಹೆಂಗಸರು ಇನ್ನೂ ನಗುತ್ತಿದ್ದರು. "ಅಷ್ಟೇನೂ ಘಾಟಿಲ್ಲ ಬಿಡಿ," ಎಂದು ಕೂತಲ್ಲಿಂದಲೇ ಪೈಪು ವಾಪಸ್ ಕೊಟ್ಟೆ.