ಇದ್ದ ಫೈಲನ್ನು ಇಲ್ಲ ಎಂದ ದಿನ

ಆ ಲಾರಿ ಚಾಲಕನ ಬಲಗೈ ಮುರಿದದ್ದು ನಾನಾಡಿದ ಒಂದು ಮಾತಿನಿಂದ. ಹೊಡೆದವರು ಬೇರೆ, ಮಾತು ನನ್ನದು.

ನಾನು ಕಾಸರಗೋಡಿನವಳು. ಕೊಚ್ಚಿ ಹತ್ತಿರದ ಆಲುವದ ಒಂದು ಸಣ್ಣ ಕಂಪೆನಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ. ಕ್ಯಾಮೆರಾದ ವಿಡಿಯೋಗಳನ್ನು ಉಳಿಸಿಡುವ ಪೆಟ್ಟಿಗೆಗಳನ್ನು ನಾವು ಮಾಡುತ್ತೇವೆ. ಅದರ ಕರ್ನೆಲ್, ಅಂದರೆ ಫೈಲುಗಳನ್ನು ಇಡುವ ಮತ್ತು ಹುಡುಕಿ ಕೊಡುವ ತಳಮಟ್ಟದ ತಂತ್ರಾಂಶ, ನನ್ನ ಜವಾಬ್ದಾರಿ. ನಮ್ಮ ಫೋಲ್ಡರುಗಳಿಗೆ ಪಾಸ್‌ವರ್ಡ್ ಕೊಡುವ ತನಕ ಒಳಗಿನ ಫೈಲುಗಳ ಹೆಸರೂ ಗುಪ್ತವಾಗಿಯೇ ಇರುತ್ತದೆ. ಕೊಟ್ಟ ಮೇಲೆ ಹೆಸರನ್ನು ಇಂಗ್ಲಿಷಿನ ದೊಡ್ಡಕ್ಷರದಲ್ಲಿ ಹೊಡೆದರೂ ಸಣ್ಣಕ್ಷರದಲ್ಲಿ ಹೊಡೆದರೂ ಅದೇ ಫೈಲು ಸಿಗಬೇಕು. ಫೈಲಿನ ಹೆಸರು ಲಾರಿಯ ನಂಬರೇ, ಅದನ್ನು ಒಬ್ಬೊಬ್ಬರು ಒಂದೊಂದು ರೀತಿ ಟೈಪ್ ಮಾಡುತ್ತಾರಲ್ಲ, ಅದಕ್ಕೆ.

ಆ ಬೆಳಿಗ್ಗೆ ಕೊಚ್ಚಿ ಬಂದರಿನ ವಲ್ಲಾರ್ಪಾಡಂನ ಒಂದು ಲಾರಿ ಯಾರ್ಡಿಗೆ ಪೆಟ್ಟಿಗೆಯ ಸರ್ವೀಸಿಗೆ ಹೋಗಿದ್ದೆ. ಆಫೀಸು ಕೋಣೆಯಲ್ಲಿ ಕೂತಿದ್ದಾಗ ಹೊರಗೆ ಕಬ್ಬಿಣ ಅಪ್ಪಳಿಸಿದ ಸದ್ದು, ಹಿಂದೆಯೇ ಕೂಗಾಟ. ಓಡಿ ಹೋದೆ. ಯಾರ್ಡಿನ ಸೂಪರ್‌ವೈಸರ್ ಒಂದು ಕಂಟೇನರಿನ ಹಿಂದೆ ಬಿದ್ದಿದ್ದ. ತಲೆ ಒಡೆದು ರಕ್ತ ಕಿವಿಯಿಂದ ಕುತ್ತಿಗೆಗೆ ಇಳಿಯುತ್ತಿತ್ತು. ಅವನನ್ನು ತೊಡೆಯ ಮೇಲೆ ಮಲಗಿಸಿಕೊಂಡಿದ್ದ ಲಾರಿ ಚಾಲಕನ ಅಂಗಿ, ಕೈ ಎಲ್ಲ ಕೆಂಪು. ಸ್ವಲ್ಪ ಹೊತ್ತಿನ ಹಿಂದೆ ಅವರಿಬ್ಬರೂ ಗೇಟಿನಲ್ಲಿ ಜಗಳವಾಡಿದ್ದನ್ನು ಎಲ್ಲರೂ ನೋಡಿದ್ದರು. ಸೂಪರ್‌ವೈಸರನ್ನು ಜೀಪಿಗೆ ಹತ್ತಿಸಿದ ಮೇಲೆ ಇಪ್ಪತ್ತು ಜನ ಚಾಲಕನನ್ನು ಸುತ್ತುಗಟ್ಟಿದರು. ಒಬ್ಬ ಆಗಲೇ ಅವನ ಕಪಾಳಕ್ಕೆ ಬಾರಿಸಿದ್ದ.

ಅವನು ಕೂಗುತ್ತಿದ್ದದ್ದು ಕನ್ನಡದಲ್ಲಿ. ಯಾರಿಗೂ ಅರ್ಥವಾಗುತ್ತಿರಲಿಲ್ಲ. ನಾನು "ಏನಾಯ್ತಪ್ಪಾ?" ಎಂದದ್ದೇ ತಡ, ಜನರ ನಡುವಿನಿಂದ ನನ್ನ ಕಡೆಗೆ ಕೈ ಚಾಚಿದ.

"ನಾ ಹೊಡದಿಲ್ರೀ ಅಕ್ಕಾರ! ಒಳಗಿನ ಮಾಲು ಜಾರಿ ಕಂಟೇನರ್ ಬಾಗ್ಲಾ ಸಿಡದು ಅವ್ರ ತಲಿಗಿ ಬಡೀತ್ರಿ. ನಾ ಎತ್ತಿದ್ದಷ್ಟ. ಕ್ಯಾಮೆರಾ ಐತಲ್ರಿ, ತಗದ್ ನೋಡ್ರಿ!"

ಅದನ್ನು ಮಲಯಾಳದಲ್ಲಿ ಹೇಳಿದೆ. ಜನ ತುಸು ತಣ್ಣಗಾದರು. "ನೋಡಿ ಹೇಳಿ ಅಕ್ಕಾ, ಕಾಯುತ್ತೇವೆ" ಎಂದ ಅವರಲ್ಲಿ ಹಿರಿಯ.

ಕೋಣೆಯಲ್ಲಿ ಸೆಕ್ಯುರಿಟಿಯವನು ನನಗಿಂತ ಮೊದಲೇ ಬಂದು ಪಾಸ್‌ವರ್ಡ್ ಹಾಕದೆ ಆ ಲಾರಿ ನಂಬರನ್ನು ಹುಡುಕಿದ್ದ, ಸಿಕ್ಕಿರಲಿಲ್ಲ. ನಾನು ಪಾಸ್‌ವರ್ಡ್ ಕೊಟ್ಟು ಅದೇ ನಂಬರು ಹೊಡೆದೆ. ಅಂಥ ಫೈಲು ಇಲ್ಲ ಎಂದಿತು. ಸಣ್ಣಕ್ಷರದಲ್ಲಿ ಹೊಡೆದೆ. ಇಲ್ಲ. ಕಿಟಕಿಯ ಸರಳುಗಳಿಗೆ ಮುಖಗಳು ಅಂಟಿಕೊಂಡಿದ್ದವು. ಫೋಲ್ಡರಿನ ಪೂರ್ತಿ ಪಟ್ಟಿ ತೆಗೆದು ನೋಡಬಹುದಿತ್ತು, ಎರಡೇ ಅಕ್ಷರದ ಆಜ್ಞೆ. ನನ್ನದೇ ತಂತ್ರಾಂಶ ಎರಡೆರಡು ಸಲ ಹೇಳಿದ ಮೇಲೆ ಇನ್ನೇನು ಎಂದುಕೊಂಡೆ.

ಬಾಗಿಲಿಗೆ ಬಂದು "ಇಲ್ಲ" ಎಂದೆ.

ಕನ್ನಡದಲ್ಲೂ ಮಲಯಾಳದಲ್ಲೂ ಅದೇ ಪದ. ಅವನಿಗೂ ಅರ್ಥವಾಯಿತು, ಅವರಿಗೂ.

ಮೊದಲ ಒದೆ ಹೊಟ್ಟೆಗೆ. ಅವನು ಮುದುಡಿ ಬಿದ್ದ. ಚಕ್ರಕ್ಕೆ ಅಡ್ಡ ಇಡುವ ಮರದ ತುಂಡಿನಿಂದ ಬೆನ್ನಿಗೆ ಹೊಡೆದರು. ಯಾರೋ ಒಬ್ಬ ಕಬ್ಬಿಣದ ಸರಳು ತಂದ. "ಹೊಡೆದ ಕೈ ಯಾವುದು?" ಎಂದು ಕೇಳಿ, ಇಬ್ಬರು ಅವನ ಬಲಗೈಯನ್ನು ಕಾಂಕ್ರೀಟಿಗೆ ಒತ್ತಿ ಹಿಡಿದರು. ನಾನು ನುಗ್ಗಿದೆ. ಒಂದು ಮೊಣಕೈ ಬಾಯಿಗೆ ಬಿತ್ತು, ಮುಂದಿನ ಹಲ್ಲು ಮುರಿದು ನಾಲಿಗೆಯ ಮೇಲೆ ಉಳಿಯಿತು. ಸರಳು ನಾಲ್ಕು ಸಲ ಇಳಿಯಿತು. ಮೂಳೆ ಒಡೆಯುವ ಸದ್ದು ದೊಡ್ಡದೇನಲ್ಲ. ಮೂರನೆಯ ಏಟಿಗೆ ಅವನು ಕೂಗುವುದನ್ನೂ ನಿಲ್ಲಿಸಿದ.

ಪೊಲೀಸರು ಬಂದು ಅವನನ್ನು ಎತ್ತಿಕೊಂಡು ಹೋದರು. ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಪೆಟ್ಟಿಗೆಯನ್ನು ಆಲುವಕ್ಕೆ ತಂದೆ. ಮೇಜಿನ ಮೇಲಿಟ್ಟು ಆನ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಪಟ್ಟಿ ತೆಗೆದೆ. ಫೈಲು ಅಲ್ಲೇ ಇತ್ತು.

ವಿಡಿಯೋದಲ್ಲಿ ಸೂಪರ್‌ವೈಸರ್ ಬಾಗಿಲ ಅಗುಳಿ ಎಳೆಯುತ್ತಾನೆ, ಬಾಗಿಲು ಸಿಡಿದು ತಲೆಗೆ ಬಡಿಯುತ್ತದೆ, ಆಮೇಲೆ ದೂರದಿಂದ ಚಾಲಕ ಓಡಿ ಬರುತ್ತಾನೆ.

ತಪ್ಪು ನನ್ನದೇ ಎಂದು ಸಂಜೆಯೊಳಗೆ ಗೊತ್ತಾಯಿತು. ಹುಡುಕಾಟ ವೇಗವಾಗಲೆಂದು, ಸಿಗದ ಹೆಸರುಗಳನ್ನೂ ಕರ್ನೆಲ್ ನೆನಪಿಡುವಂತೆ ಎರಡು ತಿಂಗಳ ಹಿಂದೆ ಬದಲಾಯಿಸಿದ್ದೆ. ಫೋಲ್ಡರು ಬೀಗದಲ್ಲಿದ್ದಾಗ ಹುಟ್ಟಿದ 'ಇಲ್ಲ'ವನ್ನು ಪಾಸ್‌ವರ್ಡ್ ಬಂದ ಕೂಡಲೇ ಮರೆಯಬೇಕು. ದೊಡ್ಡಕ್ಷರ ಸಣ್ಣಕ್ಷರದ ಭೇದ ನೋಡದ ಫೋಲ್ಡರಿಗೆ ಒಂದು ತಪಾಸಣೆ, ಗುಪ್ತ ಫೋಲ್ಡರಿಗೆ ಇನ್ನೊಂದು. ಎರಡೂ ಗುಣವಿರುವ ಕಡೆ ನಾನು ಮೊದಲನೆಯದನ್ನು ಮಾತ್ರ ಜೋಡಿಸಿದ್ದೆ. ಸೆಕ್ಯುರಿಟಿಯವನಿಗೆ ಕೊಟ್ಟ ಹಳೆಯ ಉತ್ತರವನ್ನೇ ಅದು ನನಗೂ ಕೊಟ್ಟಿತ್ತು.

"ವಿಡಿಯೋ ಕೊಡು, ಸಾಕು. ತಡವಾದದ್ದು ಯಾಕೆ ಅಂತ ಬರೆದುಕೊಡಬೇಡ" ಎಂದರು ಮ್ಯಾನೇಜರ್. ನಾನು ಎಲ್ಲವನ್ನೂ ಬರೆದು ಠಾಣೆಗೆ ಕೊಟ್ಟೆ. ಚಾಲಕನನ್ನು ಬಿಟ್ಟರು, ಐವರನ್ನು ಹಿಡಿದರು. ಮೂರನೆಯ ದಿನ ಪ್ರಜ್ಞೆ ಬಂದ ಸೂಪರ್‌ವೈಸರ್ ಕೂಡ ಬಾಗಿಲಿನ ಮಾತನ್ನೇ ಹೇಳಿದ.

ಚಾಲಕನ ಕೈಯನ್ನು ತಿರುವನಂತಪುರದ ಆಸ್ಪತ್ರೆಯೊಂದರಲ್ಲಿ ಎರಡು ಸಲ ಕೊಯ್ದರು. ಅಲ್ಲಿನ ತಂಪಾನೂರು ನಿಲ್ದಾಣದಲ್ಲಿ ರೈಲಿನಿಂದಿಳಿದು, ನಡುವೆ ಎಲ್ಲೂ ನಿಲ್ಲದೆ ವಾರ್ಡಿಗೆ ಹೋದೆ. ನಿಂತರೆ ವಾಪಸು ಹೋಗಿಬಿಡುತ್ತೇನೆ ಎಂಬ ಹೆದರಿಕೆ. ಕೈ ತುಂಬ ಕಂಬಿಗಳು ಚುಚ್ಚಿಕೊಂಡಿದ್ದವು. ಹೆಂಡತಿ ಗಂಜಿ ಕುಡಿಸುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ.

ಅವನು ಹೆಂಡತಿಯ ಕೈಯ ಚಮಚೆಯನ್ನು ಸರಿಸಿದ. "ಅಂದ್ರ, ಅದು ಅಲ್ಲೇ ಇತ್ತೇನ್ರಿ?"

"ಹೌದು. ಅಲ್ಲೇ ಇತ್ತು."

ಎಡಗೈಯಿಂದ ಸ್ಟೀಲ್ ತಟ್ಟೆ ಎತ್ತಿ ನನ್ನ ಮುಖಕ್ಕೆ ಎಸೆದ. ಹುಬ್ಬಿನ ಮೇಲೆ ತಗುಲಿತು, ಗಂಜಿ ಕಣ್ಣಿಗೆ ಇಳಿಯಿತು. ನರ್ಸ್ ಓಡಿ ಬಂದಳು. "ಹೊರಗ ಹೋಗ್ರಿ ಅಕ್ಕಾರ" ಎಂದಳು ಹೆಂಡತಿ, ಸಿಟ್ಟಿಲ್ಲದೆ. ಹೋದೆ. ಹುಬ್ಬಿಗೆ ಅದೇ ಆಸ್ಪತ್ರೆಯಲ್ಲಿ ಮೂರು ಹೊಲಿಗೆ ಹಾಕಿದರು. ಹೇಗಾಯಿತು ಎಂದು ಕೇಳಿದ್ದಕ್ಕೆ ಬಿದ್ದೆ ಎಂದೆ.

ಕೊಚ್ಚಿಯಲ್ಲಿ ಕೇಸು ಇನ್ನೂ ನಡೆಯುತ್ತಿದೆ. ನಾನು ಎರಡು ಸಲ ಸಾಕ್ಷಿ ಹೇಳಿದ್ದೇನೆ. ಅವನು ಲಾರಿ ಬಿಟ್ಟು ವಿಜಯಪುರದ ಕಡೆ ಟಯರ್ ಅಂಗಡಿಯಲ್ಲಿದ್ದಾನಂತೆ. ಬಲಗೈಯ ಎರಡು ಬೆರಳು ಮಡಚುವುದಿಲ್ಲ. ಕಳೆದ ಸಲ ಕೋರ್ಟಿನ ವರಾಂಡದ ಬೆಂಚಿನಲ್ಲಿ ಕೂತಿದ್ದ. ನಮಸ್ಕಾರ ಮಾಡಲಿಲ್ಲ, ಮುಖವನ್ನೂ ತಿರುಗಿಸಲಿಲ್ಲ. ಬೆಂಚಿನಲ್ಲಿ ಸ್ವಲ್ಪ ಸರಿದು ಕೂತ, ನಾನು ಆ ಜಾಗದಲ್ಲಿ ಕೂತೆ.