ಮೊದಲು ಹಚ್ಚಬೇಕಾದ ಪೆಟ್ಟಿಗೆ

ವಿಜಯದಶಮಿಯ ಬೆಳಿಗ್ಗೆ ಎಂದಿನಂತೆ ಹೊಸಿಲು ತೊಳೆದು, ರಂಗೋಲಿ ಹಾಕಿ, ತಿಂಡಿ ಕಟ್ಟಿಕೊಂಡು ನಮ್ಮ ಯಜಮಾನರ ಜೊತೆ ಚಿತ್ರದುರ್ಗದ ಅವರ ಡೇಟಾ ಸೆಂಟರಿಗೆ ಹೋದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಸಹಕಾರ ಸಂಘಗಳ ಲೆಕ್ಕವೆಲ್ಲ ಅಲ್ಲಿತ್ತು. ಒಂದು ಸರ್ವರ್ ಕೆಟ್ಟರೆ ಇನ್ನೊಂದು ಅದರ ಕೆಲಸ ಮುಂದುವರಿಸಲೆಂದು, ಯಜಮಾನರು ಸರ್ವರ್‌ಗಳೊಳಗೆ ನಡೆಯುವ ವರ್ಚುವಲ್ ಯಂತ್ರಗಳ, ಲೆಕ್ಕ ತುಂಬಿದ ಡಿಸ್ಕುಗಳನ್ನೆಲ್ಲ ಆ ತಿಂಗಳಷ್ಟೇ ಒಂದೇ ಹೊಸ ಸ್ಟೋರೇಜ್ ಪೆಟ್ಟಿಗೆಗೆ ಸೇರಿಸಿದ್ದರು.

ಹಿಂದಿನ ದಿನ ಆಯುಧಪೂಜೆಗೆಂದು ಆಫ್ ಮಾಡಿದ್ದ ಯಂತ್ರಗಳನ್ನು ಅಲ್ಲಿನ ಅಟೆಂಡರ್ ಕುಂಕುಮವಿಟ್ಟು, ಹಳೆಯದರಿಂದ ಹೊಸದಕ್ಕೆ ಒಂದೊಂದಾಗಿ ಹಚ್ಚುತ್ತಾ ಬಂದರು. ಪರದೆಯಲ್ಲಿ ಒಂದು ಸಂಘದ ಲೆಕ್ಕವೂ ಕಾಣಲಿಲ್ಲ.

ಸ್ಟೋರೇಜಿನ ಹಸಿರು ದೀಪ ಆಗಷ್ಟೇ ಹೊತ್ತಿಕೊಂಡದ್ದನ್ನು ನೋಡಿ, "ಇದು ಕಣ್ಣು ಬಿಡೋ ಮೊದ್ಲೇ ಉಳಿದವು ಇದರಲ್ಲಿ ಲೆಕ್ಕ ಹುಡುಕಿರಬೇಕು," ಎಂದೆ.

"ಹೌದಲ್ಲ! ಎಲ್ಲಾ ಆರಿಸ್ರಿ, ಮೊದ್ಲು ಸ್ಟೋರೇಜ್ ಹಚ್ಚೋಣ. ಲೆಕ್ಕ ಸಿಗೋವರ್ಗೂ ನಾನಿಲ್ಲಿಂದ ಏಳಲ್ಲ," ಎಂದರು ಯಜಮಾನರು.

"ಹೊಸದನ್ನ ಮೊದ್ಲು ಹಚ್ಚೋದಾ ಸಾರ್? ಹಿರೇರಿಗೆ ಮರ್ಯಾದೆ ಬ್ಯಾಡ್ವಾ?" ಅಟೆಂಡರ್ ಗೊಣಗಿದರು.

ಯಜಮಾನರು ಬಗ್ಗಲಿಲ್ಲ. ಸ್ಟೋರೇಜ್ ಹಚ್ಚಿ, ದೀಪ ಬರುವವರೆಗೂ ಕಾದು, ಆಮೇಲೆ ಸರ್ವರ್‌ಗಳನ್ನು ಹಚ್ಚಿದರು. ಲೆಕ್ಕಗಳೆಲ್ಲ ಬಂದವು.

ಸಂಜೆ ಬನ್ನಿ ಕೊಡಲು ಬಂದ ಪಕ್ಕದ ಮನೆಯಾಕೆಗೆ ಇದನ್ನೆಲ್ಲ ಹೇಳಿದೆ. "ಅಲ್ರೀ, ಅಡಿಗೆಮನೆ ಬೀಗದಕೈ ಹೊಸ ಸೊಸೆ ಹತ್ರ ಐತೆ ಅಂದ್ಮೇಲೆ ಅವಳನ್ನೇ ಮೊದ್ಲು ಎಬ್ಬಿಸ್ಬೇಕಲ್ವೇನ್ರಿ? ಬನ್ನಿ ತಗಳ್ರಿ," ಎಂದರು.