ಟವೆಲ್ಲಿನ ಕೆಳಗಿನ ದರ

ಶೇಖಪ್ಪ ಕಾಕಾನ ಹೆಗಲ ಮೇಲಿನ ಟವೆಲ್ ಮುಖ ಒರೆಸಿಕೊಳ್ಳಲು ಇದ್ದದ್ದಲ್ಲ. ಬೆವರು ಬಂದರೆ ಅಂಗಿಯ ತೋಳಿನಿಂದಲೇ ಒರೆಸಿಕೊಳ್ಳುತ್ತಿದ್ದ. ಟವೆಲ್ ಇದ್ದದ್ದು ವ್ಯವಹಾರಕ್ಕೆ. ಹುನಗುಂದದ ಕಡೆಯ ದನದ ಸಂತೆಗಳಲ್ಲಿ ಅರ್ಧ ಆಯುಷ್ಯ ದಲಾಲಿ ಮಾಡಿದವನು ಅವನು. ಅಲ್ಲಿ ಎತ್ತಿನ ದರವನ್ನು ಬಾಯಿಂದ ಹೇಳುವುದಿಲ್ಲ. ಕೈಗಳ ಮೇಲೆ ಟವೆಲ್ ಮುಚ್ಚಿ, ಒಬ್ಬರ ಬೆರಳನ್ನು ಇನ್ನೊಬ್ಬರು ಹಿಡಿದು ಹೇಳುತ್ತಾರೆ. ಹೆಚ್ಚು ಬೆರಳು ಹಿಡಿದರೆ ಹೆಚ್ಚು ದರ. ದರ ಒಪ್ಪಿಗೆಯಾದರೆ ಕೈ ಬಿಡುವುದು. ಬಿಟ್ಟ ಮೇಲೆ ಮಾತು ಬದಲಿಸುವಂತಿಲ್ಲ. ಹೊಲಗಳಿಗೆ ಟ್ರ್ಯಾಕ್ಟರ್ ಬಂದು ಎತ್ತುಗಳು ಕಡಿಮೆಯಾದಾಗ ಉಳಿದ ದಲಾಲರು ಪ್ಲಾಟು ಮಾರಲು ಹೊರಟರು. ಕಾಕಾ ಮಾತ್ರ ಬಾದಾಮಿಗೆ ಬಂದು, ನಮ್ಮ ಓಣಿಯಲ್ಲಿ ಮನೆ ಹಿಡಿದು, ಹಳೆಯ ಕಾರಿನ ಎಂಜಿನ್‌ಗಳಿಗೆ ದರ ಕಟ್ಟಲು ನಿಂತ. ಟವೆಲ್ ಮಾತ್ರ ಅದೇ.

ಅವನಿಗೆ ನಟ್ಟು ಬಿಚ್ಚುವ ಪಾನಾ ಹಿಡಿಯಲೂ ಬರುತ್ತಿರಲಿಲ್ಲ. ಬರುವುದಿಲ್ಲ ಎಂಬುದೇ ಒಂದು ದೊಡ್ಡಸ್ತಿಕೆ. "ಎತ್ತ ಕೊಡಸಾಂವ ನೇಗಿಲಾ ಹೊಡೀಬೇಕಂತ ಎಲ್ಲ್ಯಾರ ಬರದೈತೇನ?" ಎನ್ನುತ್ತಿದ್ದ. ಎಂಜಿನ್ ಮುಂದೆ ನಿಂತನೆಂದರೆ ಮಾತ್ರ ಹೆಣ್ಣು ನೋಡಲು ಬಂದ ಹಿರಿಯನ ಗತ್ತು. ಎಣ್ಣೆಯ ಮುಚ್ಚಳ ತೆಗೆದು ಮೂಸುವುದು, ಎಣ್ಣೆಯನ್ನು ಎರಡು ಬೆರಳ ನಡುವೆ ತಿಕ್ಕುವುದು, ಸೈಲೆನ್ಸರಿನ ಬಾಯಿಗೆ ಅಂಗೈ ಒಡ್ಡಿ ಮಸಿಯ ಬಣ್ಣ ನೋಡುವುದು. ತೊಳೆದು, ಬೆಳ್ಳಿಬಣ್ಣ ಬಳಿದಿಟ್ಟ ಎಂಜಿನ್ ಕಂಡರೆ ಅವನಿಗೆ ಮೈಯೆಲ್ಲ ಉರಿ. "ಸಂತಿಗೆ ತರೂ ಮುಂದ ಎತ್ತಿನ ಕೋಡಿಗೆ ಎಣ್ಣಿ ಹಚ್ಚತಾರಲ್ಲ, ಹಂಗ ಇದು. ತೊಳದಿಟ್ಟದ್ದು ನೋಡಿ ದರಾ ಹೇಳಬಾರದು ತಮ್ಮಾ. ತೊಳದಾಂವ ಏನೋ ಮುಚ್ಯಾನ."

ನ್ಯಾಯದ ದರ ಯಾವುದು ಎಂದು ಕೇಳಿದರೆ ಉತ್ತರ ಸಿದ್ಧವಿರುತ್ತಿತ್ತು. "ಕೊಂಡಾಂವಂದೂ ಮಾರಿ ಸಪ್ಪಗಾಗಬೇಕು, ಮಾರಿದಾಂವಂದೂ ಸಪ್ಪಗಾಗಬೇಕು. ಒಬ್ಬಾಂವ ನಕ್ಕಾ ಅಂದ್ರ ಇನ್ನೊಬ್ಬಾಂವ ಮುಳಗ್ಯಾನ ಅಂತ ತಿಳಕೊ." ಇಬ್ಬರ ಮುಖವನ್ನೂ ಸಪ್ಪಗಾಗಿಸಿ, ಇಬ್ಬರಿಂದಲೂ ದಲಾಲಿ ತೆಗೆದುಕೊಂಡು ತಾನೊಬ್ಬನೇ ನಗುವವನಿಗೆ ಈ ಸಿದ್ಧಾಂತ ಬಹಳ ಅನುಕೂಲವಾಗಿತ್ತು.

ಇಷ್ಟು ಶಾಣ್ಯಾ ಮನುಷ್ಯ ಇಳಕಲ್ಲಿನ ಅಳಿಯನಿಗೆ ಹಳೆಯ ಕಾರು ಕೊಡಿಸುವಾಗ ಎಂಜಿನ್ ಮುಟ್ಟಿಯೂ ನೋಡಲಿಲ್ಲ. ಮಾರುವವನು ಬೀಗರ ತಮ್ಮ. ಅವರು ಕೇಳಿದಷ್ಟು ಎಣಿಸಿ ಕೊಟ್ಟು, ಹೋಳಿಗೆ ಊಟ ಮಾಡಿ, ಅಳಿಯನ ಜೊತೆ ಅದೇ ಕಾರಿನಲ್ಲಿ ಬಾದಾಮಿಗೆ ಹೊರಟ. ಕಾರು ಹುನಗುಂದ ದಾಟಲಿಲ್ಲ. ಒಮ್ಮೆ ನಾನು ಇದನ್ನು ಕೆದಕಿದೆ. "ಬೀಗರ ಎಂಜಿನ್ ಮೂಸಿ ನೋಡಿದ್ರ ನಾಳೆ ಅವರ ಮನ್ಯಾಗ ಮಗಳ ಮಾರಿ ಹೆಂಗ ನೋಡಲಿ?" ಎಂದ. ಸೋತದ್ದನ್ನೂ ಮರ್ಯಾದೆಯ ಲೆಕ್ಕಕ್ಕೆ ಬರೆದುಕೊಳ್ಳುವ ಕಲೆ ಅವನಿಗೆ ಚೆನ್ನಾಗಿ ಗೊತ್ತಿತ್ತು.

ಇಂಥವನ ಕೈಗೆ ನನ್ನ ಸಂಸಾರವೂ ಸಿಕ್ಕಿತು. ನಾನು ಬಾದಾಮಿಯಲ್ಲಿ ಪ್ರವಾಸಿಗರಿಗೆ ಬಾಡಿಗೆ ಕಾರು ಓಡಿಸುವವನು. ಚಳಿಗಾಲದ ಸೀಜನ್ ಬಾಗಿಲಿಗೆ ಬಂದಾಗ ಪಟ್ಟದಕಲ್ಲಿನ ದಾರಿಯಲ್ಲಿ ಎಂಜಿನ್ ಜಾಮ್ ಆಯಿತು. ಹೊಸದು ಹಾಕಿಸುವ ತಾಕತ್ತಿಲ್ಲ. ಹಳೆಯದನ್ನು ಕೊಂಡು ಅದೂ ಕೈಕೊಟ್ಟರೆ ಕಾರು ಗುಜರಿಗೆ, ನಾನು ಇನ್ನೊಬ್ಬರ ಗಾಡಿಗೆ ಡ್ರೈವರ್. ಬಾಗಲಕೋಟೆಯ ಗುಜರಿ ಅಂಗಡಿಯ ಈರಣ್ಣನ ಹತ್ತಿರ, ಪೂರ್ತಿ ಬಿಚ್ಚಿ ಹೊಸ ಸಾಮಾನು ಹಾಕಿ ಕಟ್ಟಿದ ಎಂಜಿನ್ ಇದೆಯೆಂದು ತಿಳಿಯಿತು. ಕಾಕಾ ನನ್ನನ್ನು ಮೊದಲ ಬಸ್ಸಿಗೇ ಎಬ್ಬಿಸಿಕೊಂಡು ಹೋದ. ಎಂಜಿನ್ ತಣ್ಣಗಿದ್ದಾಗಲೇ ಚಾಲೂ ಮಾಡಿ ನೋಡಬೇಕಂತೆ, ಬಿಸಿಯಾದ ಮೇಲೆ ಎಲ್ಲ ಎಂಜಿನ್‌ಗಳೂ ಸಂಭಾವಿತರೇ.

ಹೋಗಿ ಕೈ ಇಟ್ಟು ನೋಡಿದರೆ ಎಂಜಿನ್ ಬೆಚ್ಚಗಿತ್ತು. ಕಾಕಾ ಈರಣ್ಣನ ಮುಖ ನೋಡಿದ. "ಏನ್ರಿ, ಹೊತ್ತ ಹೊಂಡೂದ್ರಾಗ ಇದಕ್ಕ ಜ್ವರಾ ಬಂದೈತಿ?"

"ಸುಮ್ಮ ಒಮ್ಮೆ ಚಾಲೂ ಮಾಡಿದ್ನಿರಿ," ಎಂದ ಈರಣ್ಣ.

"ಆತು. ಜ್ವರಾ ಇಳೀಲಿ," ಎಂದು ಕಾಕಾ ಒಂದು ಟಯರಿನ ಮೇಲೆ ಕುಳಿತ. ಈರಣ್ಣನ ಖರ್ಚಿನಲ್ಲೇ ಚಹಾ ಕುಡಿಯುತ್ತ, ಸತ್ತುಹೋದ ಎತ್ತುಗಳ ಗುಣಗಾನ ಮಾಡುತ್ತ ಎಂಜಿನ್ ತಣ್ಣಗಾಗುವವರೆಗೆ ಕುಳಿತೇ ಇದ್ದ. ಆಮೇಲೆ ಚಾಲೂ ಮಾಡಿಸಿದರೆ ನೀಲಿ ಹೊಗೆ, ಒಳಗೆ ಎಣ್ಣೆ ಸುಡುತ್ತಿತ್ತು. ಬದಲಿಸಿ ತೆಗೆದ ಹಳೆಯ ಪಿಸ್ಟನ್ ತೋರಿಸಿ ಎಂದ ಕಾಕಾ. ಬಿಸಾಡಿದೆವು ಎಂದ ಈರಣ್ಣ. "ಹಳೇವು ಇಲ್ಲಂದ್ರ ಪೂರ್ತಿ ಕಟ್ಟಿಲ್ಲ. ಅರ್ಧಾ ಕಟ್ಟಿ ಅರ್ಧಾ ಬಣ್ಣಾ ಹಚ್ಚೀರಿ. ಹಂಗ ತಿಳಕೊಂಡ ದರಾ ಮಾತಾಡೂಣು," ಎಂದು ಟವೆಲ್ ಬಿಚ್ಚಿದ.

ಅಕ್ಕಪಕ್ಕದ ಅಂಗಡಿಯವರೆಲ್ಲ ನೋಡಲು ಬಂದು ನಿಂತರು. ಟವೆಲ್ ಕೆಳಗೆ ಬೆರಳುಗಳು ಆಡಿದವು. ಈರಣ್ಣ ಒಮ್ಮೆ ಹುಬ್ಬು ಗಂಟಿಕ್ಕಿದ, ಒಮ್ಮೆ ತಲೆ ಅಲ್ಲಾಡಿಸಿದ, ಕೊನೆಗೆ ಗಂಭೀರವಾಗಿ ಹೂಂ ಎಂದು ಕೈ ಬಿಟ್ಟ. ಕಾಕಾ ಟವೆಲ್ ಹೆಗಲಿಗೆ ಹಾಕಿ ಅಡಿಕೆ ತರಲು ಹೋದ. ಆಗ ಈರಣ್ಣ ನನ್ನ ಕಿವಿಯ ಹತ್ತಿರ ಬಂದು ಮೆಲ್ಲಗೆ ಕೇಳಿದ: "ಅಣ್ಣಾರ, ಎಷ್ಟಕ್ಕ ಮುಗೀತ್ರಿ?"

ಬೆರಳಿನ ಭಾಷೆ ಅವನಿಗೆ ಬರುತ್ತಲೇ ಇರಲಿಲ್ಲ. ನಾಲ್ಕು ಜನರ ಮುಂದೆ ಬರುವುದಿಲ್ಲ ಎನ್ನಲು ನಾಚಿಕೆ. ನನಗೂ ಬರುವುದಿಲ್ಲ. ಹೀಗೆ, ಮಾರಿದವನಿಗೂ ಗೊತ್ತಿಲ್ಲದ, ಕೊಂಡವನಿಗೂ ಗೊತ್ತಿಲ್ಲದ ದರಕ್ಕೆ ಒಂದು ಎಂಜಿನ್ ಮಾರಾಟವಾಗಿತ್ತು. ಕಾಕಾ ತಿರುಗಿ ಬಂದು, "ನಲವತ್ತೆರಡ ಸಾವಿರ," ಎಂದ. ಈರಣ್ಣನ ಮುಖ ಇಳಿಯಿತು. ನನ್ನದೂ ಇಳಿಯಿತು. ಕಾಕಾ ಇಬ್ಬರನ್ನೂ ನೋಡಿ, "ದರಾ ಸರಿ ಐತಿ," ಎಂದು ಎರಡೂ ಕಡೆಯ ದಲಾಲಿಗೆ ಕೈಚಾಚಿದ.

ಆ ಎಂಜಿನ್ ಇವತ್ತಿಗೂ ಓಡುತ್ತಿದೆ. ಹೊಗೆ ಬಿಡುತ್ತದೆ, ಎಣ್ಣೆ ಕುಡಿಯುತ್ತದೆ, ಮನೆ ನಡೆಸುತ್ತದೆ. ಕಾಕಾನನ್ನು ಬೈಯಲು ಅದು ನನಗೆ ಪೂರ್ತಿ ಅವಕಾಶ ಕೊಡಲೇ ಇಲ್ಲ. ಈ ಸಿಟ್ಟು ನನಗೆ ಇನ್ನೂ ಇದೆ.

ಕೊನೆಯ ಸಲ ಅವನನ್ನು ನೋಡಿದ್ದು ಬಾಗಲಕೋಟೆಯ ದವಾಖಾನೆಯಲ್ಲಿ. ಎದೆಯಲ್ಲಿ ನೀರು ತುಂಬಿತ್ತು. ಆದರೂ ಹಣೆಗೆ ವಿಭೂತಿ, ಬಾಚಿದ ತಲೆ, ಒಗೆದ ಅಂಗಿ. ಟವೆಲ್ ದಿಂಬಿನ ಪಕ್ಕದಲ್ಲಿತ್ತು. ಅದನ್ನು ಎಳೆದು ನಮ್ಮಿಬ್ಬರ ಕೈಗಳ ಮೇಲೆ ಹೊದಿಸಿದ.

"ಈ ಎಂಜಿನ್ನಿಗೆ ಏನ ದರಾ ಕಟ್ತೀ?"

ನಾನು ಅವನ ಐದೂ ಬೆರಳುಗಳನ್ನು ಗಟ್ಟಿಯಾಗಿ ಹಿಡಿದೆ. ಅವನು ಮುಖ ಸಿಂಡರಿಸಿದ.

"ಮುಂಜಾನೆ ಸಿಸ್ಟರಬಾಯಿ ತೊಳದ ಇಟ್ಟಾಳೋ ಹುಚ್ಚಾ. ತೊಳದಿಟ್ಟದ್ದು ನೋಡಿ ದರಾ ಹೇಳಬ್ಯಾಡ ಅಂತ ಎಷ್ಟ ಸಲ ಹೇಳೇನಿ?"

ಬೆರಳುಗಳನ್ನು ಬಿಡಿಸಿಕೊಂಡು, ಕಿರುಬೆರಳೊಂದನ್ನೇ ನನ್ನ ಕೈಗೆ ಕೊಟ್ಟ. ದರ ಒಪ್ಪಿದರೆ ಕೈ ಬಿಡಬೇಕು. ನಾನು ಬಿಡಲಿಲ್ಲ. ಬಿಡಲು ನನ್ನಿಂದ ಆಗಲಿಲ್ಲ. ಕೊನೆಗೆ ಅವನೇ ಕೈ ಎಳೆದುಕೊಂಡ. ಟವೆಲ್ ಹೆಗಲಿಗೆ ಹಾಕಿಕೊಂಡು ನನ್ನ ಮುಖ ನೋಡಿದ.

"ಸಪ್ಪಗಾಗೇತಿ. ದರಾ ಸರಿ ಐತಿ," ಎಂದ.

ತನ್ನ ಮುಖ ನೋಡಿಕೊಳ್ಳಲು ಅವನಿಗೆ ಅಲ್ಲಿ ಕನ್ನಡಿ ಇರಲಿಲ್ಲ.